ಒಂದಾಣೆಯಿಂದ ಹದಿನೈದಾಣೆಯವರೆಗೆ

ನಮ್ಮ ಮನೆಯ ಡೈನಿಂಗ್ ಟೇಬಲ್ಲಿನ ಮೇಲೆ ಈ ವರ್ಷ ಊಟ ನಡೆದದ್ದು ಕಡಿಮೆ. ಅದರ ಅರ್ಧವನ್ನು ಒಂದು ಲ್ಯಾಪ್‌ಟಾಪ್ ಹಿಡಿದುಕೊಂಡಿತ್ತು, ಉಳಿದರ್ಧವನ್ನು ಬಾಳೆ ಎಲೆಯ ಒಣಗಿದ ತುಂಡುಗಳು. ನಾನು ತಟ್ಟೆ ಹಿಡಿದು ಸೋಫಾದ ಮೇಲೆ ಕೂತು ಉಣ್ಣುತ್ತಿದ್ದೆ, ಹಾಸ್ಟೆಲ್ ಹುಡುಗಿಯ ಹಾಗೆ. ಈ ವಯಸ್ಸಿನಲ್ಲಿ ಹಾಸ್ಟೆಲ್ ಲೈಫ್. ಆನೆಸ್ಟ್ಲಿ, ನನಗೇನೂ ಬೇಸರವಾಗಲಿಲ್ಲ.

ಟೇಬಲ್ ಕಸಿದುಕೊಂಡವಳು ನನ್ನ ತಂಗಿಯ ಮೊಮ್ಮಗಳು. ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಓದಲು ಕಲಬುರಗಿಗೆ ಬಂದವಳು ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ನನ್ನ ಮನೆಯಲ್ಲೇ ಉಳಿದಿದ್ದಳು. ನನ್ನನ್ನು ಆಯಿ ಅನ್ನುತ್ತಾಳೆ. ನಾನೂ ಅದೇ ಸಬ್ಜೆಕ್ಟನ್ನು ಇದೇ ಊರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ರಿಟೈರ್ ಆಗುವವರೆಗೆ ಕಲಿಸಿದವಳು. ಆದರೆ ನನ್ನ ಕಾಲದ ಸ್ಟ್ಯಾಟಿಸ್ಟಿಕ್ಸೇ ಬೇರೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವೊಂದಿತ್ತು. ಹಿಡಿಕೆ ತಿರುಗಿಸಿದರೆ ಹಿಟ್ಟಿನ ಗಿರಣಿಯಂತೆ ಸದ್ದು. ಭಾಗಾಕಾರ ಮಾಡುವಾಗ ಒಂದು ಸುತ್ತು ಹೆಚ್ಚಾದರೆ ಒಳಗಿನ ಗಂಟೆ ಟಿಣ್ ಅನ್ನುತ್ತಿತ್ತು. ಆ ಟಿಣ್ ಕೇಳಬೇಕೆಂದೇ ಹುಡುಗಿಯರು ಬೇಕಂತಲೇ ಒಂದು ಸುತ್ತು ಹೆಚ್ಚು ತಿರುಗಿಸುತ್ತಿದ್ದರು.

ಇವಳ ಪ್ರಾಜೆಕ್ಟು ಕಮಲಾಪುರದ ಕೆಂಪು ಬಾಳೆಯ ಮೇಲೆ. ಬಾಳೆಯ ಎಲೆಗೆ ಒಂದು ಚುಕ್ಕೆ ರೋಗ ಬರುತ್ತದೆ. ಮೊದಲು ಹಳದಿ ಗೀರು, ಆಮೇಲೆ ಕಂದು ಕಲೆ. ಕಲೆಗಳು ಒಂದಕ್ಕೊಂದು ಕೂಡಿ ಕೊನೆಗೆ ಎಲೆ ಸುಟ್ಟ ಕಾಗದದಂತಾಗುತ್ತದೆ. ಗಿಡಗಳನ್ನು ಎಷ್ಟು ದೂರ ದೂರ ನೆಟ್ಟಿದ್ದಾರೆ, ನೀರು ಹೇಗೆ ಬಿಡುತ್ತಾರೆ, ಗಿಡದ ವಯಸ್ಸೆಷ್ಟು, ಇವುಗಳಲ್ಲಿ ರೋಗದ ಮೇಲೆ ಯಾವುದರ ಕೈ ಎಷ್ಟಿದೆ ಎಂಬುದು ಅವಳ ಪ್ರಶ್ನೆ. ಅಳೆಯಬೇಕಾದದ್ದು ಎಲೆಯ ಎಷ್ಟು ಪಾಲು ಕಲೆಯಾಗಿದೆ ಎಂಬುದನ್ನು. ಪಾಲಿಗೆ ಎರಡು ಗೋಡೆಗಳಿವೆ. ಏನೂ ಆಗದಿದ್ದರೆ ಸೊನ್ನೆ, ಪೂರ್ತಿ ಹೋಗಿದ್ದರೆ ಒಂದು. ಅವೆರಡರ ಆಚೆ ಎಲೆಗೆ ಹೋಗಲು ಜಾಗವಿಲ್ಲ.

ಆದರೆ ನಾನು ಜೀವಮಾನವಿಡೀ ಕಲಿಸಿದ ಸರಳರೇಖೆಗೆ ಆ ಗೋಡೆಗಳು ಕಾಣುವುದಿಲ್ಲ. ಅವಳು ಮೊದಲು ಅದನ್ನೇ ಹಾಕಿ ನೋಡಿದಳು. ಒತ್ತೊತ್ತಾಗಿ ನೆಟ್ಟ ಮೂಲೆಯಲ್ಲಿ, ನೀರು ನಿಲ್ಲುವ ಕಡೆಯ ಹಳೆಯ ಗಿಡಕ್ಕೆ ಎಷ್ಟು ರೋಗ ಬಂದೀತು ಎಂದು ಕೇಳಿದರೆ, ರೇಖೆ ಗೋಡೆಯನ್ನು ತೂರಿಕೊಂಡು ನೂರಕ್ಕೆ ನೂರರ ಆಚೆ ಹೋಗಿಬಿಟ್ಟಿತು.

"ಆಯಿ, ಈ ಗಿಡದ ಎಲಿ ತನಗಿಂತ ಜಾಸ್ತಿ ಹಾಳಾಗ್ಯದ ನೋಡು."

"ಬಾಜೂ ಗಿಡದ್ದೂ ಸೇರ್ಸಿ ಹಾಳು ಮಾಡ್ಯದೇನೋ," ಎಂದೆ.

ನಮ್ಮ ಕಾಲದಲ್ಲಿ ಇದಕ್ಕೊಂದು ಉಪಾಯವಿತ್ತು. ಶೇಕಡಾವಾರನ್ನು ಕೋನಗಳಾಗಿ ಬದಲಿಸುವ ಅಚ್ಚಾದ ಕೋಷ್ಟಕ. ಪಾಲನ್ನು ಕೋನ ಮಾಡಿಕೊಂಡು ಲೆಕ್ಕ ಮುಗಿಸಿ, ಮತ್ತೆ ಪಾಲಿಗೆ ತಿರುಗಿಸುವುದು. ಜರಿ ಸೀರೆಯನ್ನು ಒಳಮಗ್ಗುಲಿಗೆ ತಿರುವಿ ಇಸ್ತ್ರಿ ಮಾಡಿದ ಹಾಗೆ. ರಟ್ಟಿಗೆ ಅಂಟಿಸಿದ ನನ್ನ ಕೋಷ್ಟಕ ಇನ್ನೂ ಅಲ್ಮೇರಾದಲ್ಲಿತ್ತು, ಮೂಲೆಗಳು ಬಟ್ಟೆಯಂತೆ ಮೆತ್ತಗಾಗಿದ್ದವು. ತೆಗೆದು ತೋರಿಸಿದೆ. ಅವಳು ಎರಡೂ ಕೈಯಲ್ಲಿ ಹಿಡಿದು, ಸೋ ಕ್ಯೂಟ್ ಎಂದಳು. ನಾನು ವರ್ಷವಿಡೀ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ ಸಂಗತಿ ಈಗ ಕ್ಯೂಟ್. ವೆಲ್, ಇರಲಿ.

ಆಮೇಲೆ ತನ್ನ ದಾರಿ ತೋರಿಸಿದಳು. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ಒಂದು ಸಾಫ್ಟ್‌ವೇರ್. ಬಣ್ಣವಿಲ್ಲ, ಚಿತ್ರವಿಲ್ಲ, ಬರಿಯ ಕಿಟಕಿ. ಅದರಲ್ಲಿ ಒಂದು ಸಾಲು ಟೈಪ್ ಮಾಡಬೇಕು. ಎಡಕ್ಕೆ ರೋಗದ ಪಾಲು, ನಡುವೆ ಅಲೆಯಂಥ ಚಿಹ್ನೆ, ಬಲಕ್ಕೆ ಅಂತರ, ನೀರು, ವಯಸ್ಸು. ಈ ಮಾದರಿಗೆ ಗೋಡೆಗಳು ಗೊತ್ತು. ಅದರ ವಕ್ರರೇಖೆ ನಡುವೆ ಗುಡ್ಡೆಯಾಗಬಲ್ಲದು, ಒಂದು ಗೋಡೆಯ ಕಡೆ ವಾಲಬಲ್ಲದು, ಎರಡೂ ಗೋಡೆಗಳ ಬಳಿ ಕೊಂಬು ಎತ್ತಿ ನಡುವೆ ತಗ್ಗಾಗಬಲ್ಲದು. ಗೋಡೆಯನ್ನು ಮಾತ್ರ ದಾಟುವುದಿಲ್ಲ. ಅಷ್ಟೇ ಅಲ್ಲ, ಅದು ಎರಡು ಪ್ರಶ್ನೆ ಕೇಳುತ್ತದೆ. ಸರಾಸರಿ ಎಲ್ಲಿದೆ? ಸರಾಸರಿಯ ಸುತ್ತ ಎಷ್ಟು ಚೆದುರಿದೆ? ಎರಡನೆಯದು ನನಗೆ ಹಿಡಿಸಿಬಿಟ್ಟಿತು. ಚೆದುರುವಿಕೆ ಎಲ್ಲರಿಗೂ ಒಂದೇ ಎಂದು ಒಪ್ಪಿಕೊಂಡು ನಾವು ಸರ್ವಿಸ್ ಮುಗಿಸಿದೆವು. ಅದಕ್ಕೂ ಕಾರಣ ಕೇಳಬಹುದೆಂದು ಯಾರೂ ಹೇಳಲಿಲ್ಲ.

ಸಾಫ್ಟ್‌ವೇರಿನದು ಒಂದೇ ಕರಾರು. ಕೊಡುವ ಅಂಕಿಗಳಲ್ಲಿ ಯಾವುದೂ ಗೋಡೆಯನ್ನು ಮುಟ್ಟಿರಬಾರದು. ಒಂದೇ ಒಂದು ಸೊನ್ನೆ ಇದ್ದರೂ, ಒಂದೇ ಒಂದು ಪೂರ್ಣ ಇದ್ದರೂ ಕೆಂಪಕ್ಷರದಲ್ಲಿ ಬೈದು ನಿಂತುಬಿಡುತ್ತದೆ. ಅದೇ ಭಯವಿತ್ತು ಅವಳಿಗೆ. ಆದರೆ ಅವಳ ಅಂಕಿಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ಮೊದಲ ಸಲಕ್ಕೇ ಉತ್ತರ ಬಂತು. ಗಿಡಗಳ ಅಂತರದಿಂದ ಅಂಥ ಫರಕೇನೂ ಇಲ್ಲ, ವಯಸ್ಸಿನಿಂದ ಇದೆ ಎಂದು. ಅವಳ ಗೈಡ್ ಖುಷಿಯಾಗಿ ಸ್ಟೂಡೆಂಟ್ಸ್ ಸೆಮಿನಾರಿಗೆ ಅವಳ ಹೆಸರು ಕೊಡುತ್ತೇನೆಂದರು, ಮುಂದೆ ಪಿಎಚ್.ಡಿ.ಗೆ ಶಿಫಾರಸು ಬರೆಯುತ್ತೇನೆಂದರು. ರಿಪೋರ್ಟನ್ನು ತಿಂಗಳ ಕೊನೆಗೆ ಕೊಡಬೇಕಿತ್ತು. ಹುಡುಗಿ ಮನೆಯಲ್ಲಿ ಹಾಡು ಗುನುಗುತ್ತ ಓಡಾಡುತ್ತಿದ್ದಳು.

ಆ ಅಂಕಿಗಳು ಬಂದದ್ದು ಹೇಗೆಂದು ಹೇಳಬೇಕು. ಮೊದಲು ಫೋನಿನಲ್ಲಿ ಎಲೆಗಳ ಫೋಟೋ ತೆಗೆದು ಕಂಪ್ಯೂಟರಿನಿಂದ ಅಳೆಯಲು ನೋಡಿದಳಂತೆ. ಮೇಲಿನ ಎಲೆಗಳು ಕೈಗೆ ಸಿಗುತ್ತಿರಲಿಲ್ಲ, ಗಾಳಿಗೆ ಸೀಳಿದ್ದವು, ಬಿಸಿಲು ಹೊಳೆದು ಕಲೆಯೇ ಕಾಣುತ್ತಿರಲಿಲ್ಲ. ಕೊನೆಗೆ ಕಣ್ಣಳತೆಗೇ ಬಂದಳು. ಅವಳು ಆರಿಸಿಕೊಂಡದ್ದು ಒಂದೇ ತೋಟ, ಕೆಲವು ಕಡೆ ಒತ್ತಾಗಿ, ಕೆಲವು ಕಡೆ ದೂರವಾಗಿ ನೆಟ್ಟದ್ದು. ಅದರ ಒಡತಿ ಐವತ್ತರ ಆಸುಪಾಸಿನ ಹೆಂಗಸು, ಗಂಡನ ಕಾಲದಿಂದ ಬಾಳೆ ನೋಡಿಕೊಂಡು ಬಂದವಳು. ಆಕೆ ಗಿಡದಿಂದ ಗಿಡಕ್ಕೆ ಹೋಗುತ್ತ ಎಲೆ ನೋಡಿ ಹೇಳುವುದು, ಇವಳು ಫೋನಿನಲ್ಲಿ ಒತ್ತಿಕೊಳ್ಳುವುದು. ಮೊದಲ ದಿನ ತೋಟದಿಂದಲೇ ನನಗೆ ಫೋನ್ ಬಂತು.

"ಆಯಿ, ಎಲಿ ಮೂರಾಣಿ ಹೋಗ್ಯದ ಅಂದ್ರ ಎಷ್ಟು?"

ಪಾಪ, ಆಣೆಯನ್ನು ಕಂಡ ಕಾಲದ ಹುಡುಗಿಯಲ್ಲ. ಹದಿನಾರಾಣೆ ಅಂದರೆ ಇಡಿಯಾದದ್ದು ಎಂದು ವಿವರಿಸಿದೆ. ನಿಜಾಮರ ಕಾಲದಿಂದ ನಮ್ಮ ಕಡೆ ಬೆಳೆಯನ್ನು ಅಳೆದದ್ದೇ ಹಾಗೆ. ಈ ಸಲ ತೊಗರಿ ಎಂಟಾಣೆ, ಜೋಳ ಹನ್ನೆರಡಾಣೆ ಎಂದು. ಅವಳು ಕುಣಿದಾಡಿದಳು. ರೆಡಿಮೇಡ್ ಸ್ಕೇಲು! ಪ್ರತಿ ಗಿಡದಲ್ಲಿ ಹಲವು ಎಲೆಗಳಿಗೆ ಆಣೆ ಕೇಳಿ, ಸರಾಸರಿ ತೆಗೆದು, ಹದಿನಾರರಿಂದ ಭಾಗಿಸಿದಳು. ಕ್ಲೆವರ್ ಗರ್ಲ್ ಎಂದು ನಾನೂ ಬೆನ್ನು ತಟ್ಟಿದೆ.

ಎಲ್ಲ ಮುಗಿದು ರಿಪೋರ್ಟಿಗೆ ಒಂದಿಷ್ಟು ಫೋಟೋ ಮಾತ್ರ ಬೇಕಾಗಿದ್ದಾಗ, ನಾನೂ ಬರುತ್ತೇನೆಂದೆ. ಕಮಲಾಪುರ ಅಂದರೆ ನನಗೆ ಅಪ್ಪ. ಆ ಕಡೆ ಕೆಲಸಕ್ಕೆ ಹೋದಾಗಲೆಲ್ಲ ಕೆಂಪು ಬಾಳೆಯ ಗೊನೆ ತರುತ್ತಿದ್ದರು. ಅವ್ವ ಅದನ್ನು ಕತ್ತಲೆಯ ಕೋಣೆಯಲ್ಲಿ ಹುಲ್ಲು ಮುಚ್ಚಿ ಇಡುತ್ತಿದ್ದಳು. ಬಾಗಿಲು ತೆರೆದರೆ ಬರುತ್ತಿದ್ದ ಆ ವಾಸನೆ ಈಗಿನ ಹಣ್ಣಿಗಿಲ್ಲ, ಅಥವಾ ಈಗಿನ ನನ್ನ ಮೂಗಿಗಿಲ್ಲ. ಕಾನ್ವೆಂಟಿಗೆ ಟಿಫಿನ್ನಿನಲ್ಲಿ ಒಂದೊಂದು ಒಯ್ಯುತ್ತಿದ್ದೆ. ಕೇರಳದಿಂದ ಬಂದ ಸಿಸ್ಟರ್‌ಗಳು ಅದನ್ನು ಕಂಡು ಕಣ್ಣರಳಿಸಿ, ಇದು ನಮ್ಮೂರಿನ ಹಣ್ಣು ಅನ್ನುತ್ತಿದ್ದರು. ನೋ ಸಿಸ್ಟರ್, ಕಮಲಾಪುರದ್ದು ಎಂದು ನಾನು ವಾದ ಮಾಡುತ್ತಿದ್ದೆ. ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತಾಡಲು ಕಲಿತದ್ದೇ ಆ ಬಾಳೆಹಣ್ಣಿನ ಸಲುವಾಗಿ.

ಬಸ್ಸು ಕಪನೂರಿನ ಶೆಡ್ಡುಗಳನ್ನು ದಾಟಿತು, ತೊಗರಿ ಹೊಲಗಳನ್ನು ದಾಟಿತು. ಎರೆಮಣ್ಣು ಮುಗಿದು ಮಣ್ಣು ಕೆಂಪಾಗುತ್ತ ಬಂತು. ತೋಟದಲ್ಲಿ ಒಡತಿ ನೆರಳಿಗೆ ಹೊರಸು ಹಾಕಿ ಕೂರಿಸಿದಳು. ನಾನು ಕಾಲೇಜಿನಲ್ಲಿ ಪಾಠ ಮಾಡಿದವಳೆಂದು ಗೊತ್ತಾಗಿ ಅಕ್ಕೋರ ಎಂದು ಕರೆಯತೊಡಗಿದಳು. ನಾವು ಒಯ್ದ ಪೇಡೆಯ ಡಬ್ಬಿ ತೆಗೆದುಕೊಂಡು ಆಕೆ ಮೊದಲು ಕೇಳಿದ್ದು ಒಂದೇ. ಮುಂದಿನ ಸಲ ಗಿಡ ಹಚ್ಚುವಾಗ ಅಂತರ ಹೆಚ್ಚು ಬಿಡಬೇಕೋ, ಹೀಗೇ ಇರಲೋ? ಆಕೆಯದು ಸಣ್ಣ ತೋಟ. ಅಂತರ ಬಿಟ್ಟರೆ ಗಿಡಗಳೇ ಕಡಿಮೆ.

"ಅಂತರದಾಗ ಏನೂ ಫರಕ ಇಲ್ರಿ ಅಕ್ಕಾ. ಹೀಂಗೇ ಹಚ್ರಿ," ಎಂದಳು ನಮ್ಮ ಹುಡುಗಿ, ಡಾಕ್ಟರು ಔಷಧಿ ಹೇಳಿದ ಹಾಗೆ.

ಆಕೆಯ ಮುಖ ಹಗುರಾಯಿತು. ಹುಡುಗಿ ಫೋಟೋ ತೆಗೆಯುತ್ತ ಹೋದಳು, ನಾವಿಬ್ಬರು ಹಿಂದೆ ಹಿಂದೆ ನಡೆದೆವು. ಒಂದು ಎಳೆಯ ಗಿಡದ ಮುಂದೆ ನಾನು ನಿಂತೆ. ಎಲೆಗಳು ಈಗಷ್ಟೇ ತೊಳೆದಿಟ್ಟ ಹಾಗಿದ್ದವು. ಈ ಆಣೆಯ ಲೆಕ್ಕವನ್ನು ಕಿವಿಯಾರೆ ಕೇಳೋಣ ಎಂಬ ಚಪಲದಿಂದ ಊರಿಕೊಂಡಿದ್ದ ಕೋಲನ್ನು ಎತ್ತಿ ತೋರಿಸಿ, ಇದು ಎಷ್ಟಾಣೆ ಎಂದು ಕೇಳಿದೆ. ಒಂದಾಣೆ ಎಂದಳು. ಚಷ್ಮಾ ಹಾಕಿಕೊಂಡು ಒಂದೊಂದೇ ಎಲೆಯನ್ನು ಬಗ್ಗಿಸಿ ಹುಡುಕಿದೆ. ಚುಕ್ಕೆಯೇ ಸಿಗಲಿಲ್ಲ.

"ಕಲಿ ಎಲ್ಲದವ್ವಾ ಇದರಾಗ?"

ಆಕೆ ಸೆರಗು ಬಾಯಿಗೆ ಹಚ್ಚಿ ನಕ್ಕಳು. "ಕಲಿ ಇಲ್ರಿ ಅಕ್ಕೋರ. ಆದ್ರ ಗಿಡದ ಮುಂದ ನಿಂತು ಏನೂ ಇಲ್ಲ ಅಂತ ಅನಬಾರದ್ರಿ, ನದರ ಆಗ್ತದ, ದೃಷ್ಟಿ ತಾಕ್ತದ. ಅದಕ್ಕ ಒಂದಾಣಿ ಅನ್ನೂದು."

ಫೋಟೋ ತೆಗೆಯುತ್ತಿದ್ದ ಹುಡುಗಿ ಫೋನು ಇಳಿಸಿದಳು. ನಾನು ಮೂಲೆಯ ಗಿಡವೊಂದನ್ನು ತೋರಿಸಿದೆ. ಮೇಲಿನಿಂದ ಕೆಳಗಿನವರೆಗೆ ಕಂದಾಗಿ ಜೋತುಬಿದ್ದಿತ್ತು, ಹಸಿರೆಂಬುದೇ ಇರಲಿಲ್ಲ. ಅದು? ಹದಿನೈದಾಣೆ.

"ಒಂದಾಣಿ ಎಲ್ಲಿ ಉಳದದ?"

"ಬುಡಕ್ಕ ಮರಿ ಅದಲ್ರೀ. ಪೂರಾ ಹೋಯ್ತು ಅಂತ ಬಾಯಿಲೆ ಅಂದ್ರ, ಅದೂ ಹೋಗ್ತದ."

ಬಗ್ಗಿ ನೋಡಿದರೆ ನಿಜವಾಗಿಯೂ ಬುಡದಲ್ಲಿ ಬೆರಳುದ್ದದ ಮರಿಗಿಡವೊಂದು ಮೇಲೆದ್ದಿತ್ತು.

ಹುಡುಗಿಯ ಮುಖದ ಬಣ್ಣವೇ ಇಳಿದುಹೋಗಿತ್ತು. ಒಡತಿ ಗಾಬರಿಯಾಗಿ ತನ್ನಿಂದೇನಾದರೂ ತಪ್ಪಾಯಿತೇ ಎಂದು ಕೇಳಿದಳು. ನಿಮ್ಮದೇನೂ ಇಲ್ಲ ಅಕ್ಕಾ ಎಂದು ಇವಳು ಹೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

ವಾಪಸಾಗುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನನಗೆ ಅವ್ವ ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವು ನೆನಪಾಗುತ್ತಿತ್ತು, ಹಗೇವು ಹೋದ ಮೇಲೆ ಬಂದ ತಗಡಿನ ಡಬ್ಬಿಯೂ. ಅದರ ತಳದ ಕೊನೆಯ ಹಿಡಿ ಕಾಳನ್ನು ಆಕೆ ಎಂದೂ ತೆಗೆದವಳಲ್ಲ. ಹೊಸ ಜೋಳ ಬರುವವರೆಗೆ ಅದು ಅಲ್ಲೇ ಇರಬೇಕು. ಕೊಡವನ್ನೂ ಕಂಠದವರೆಗೆ ತುಂಬಿದವಳಲ್ಲ. ನಮ್ಮ ಮನೆಯಲ್ಲಿ ಯಾವುದೂ ಪೂರ್ತಿ ಖಾಲಿಯಾಗುತ್ತಿರಲಿಲ್ಲ, ಯಾವುದೂ ಪೂರ್ತಿ ತುಂಬುತ್ತಿರಲಿಲ್ಲ. ಅಂಥ ಮನೆಯಿಂದ ಕಾನ್ವೆಂಟಿಗೆ ಹೋಗಿ, ಸೊನ್ನೆ ಎಂಬುದು ಉಳಿದವುಗಳ ಹಾಗೆ ಒಂದು ಅಂಕಿ ಎಂದು ಕಲಿತು, ಇತರರಿಗೂ ಕಲಿಸಿದವಳು ನಾನು. ಇಷ್ಟೊಂದು ಗಿಡಗಳಲ್ಲಿ ಒಂದೂ ಸೊನ್ನೆ ಇಲ್ಲವೆಂದು ನನ್ನ ಟೇಬಲ್ಲಿನ ಮೇಲೆಯೇ ಹೇಳಿದಾಗ ನನಗೂ ಏನೂ ಹೊಳೆಯಲಿಲ್ಲ. ಪಾಠದ ಪುಸ್ತಕದ ಅಂಕಿಗಳನ್ನೇ ಕಂಡವಳು. ಅಂಕಿಯನ್ನು ಯಾರೋ ಒಬ್ಬರು ಬಾಯಿಬಿಟ್ಟು ಹೇಳಿರುತ್ತಾರೆ ಎಂದು ನಾನು ಯೋಚಿಸಿದ್ದೇ ಇಲ್ಲ.

ಆಗಿದ್ದು ಇಷ್ಟು. ರೋಗವೇ ಇಲ್ಲದ ಗಿಡಗಳೆಲ್ಲ ಒಂದಾಣೆಯವಾಗಿ, ಪೂರ್ತಿ ಹೋದವೆಲ್ಲ ಹದಿನೈದಾಣೆಯವಾಗಿ ಲೆಕ್ಕಕ್ಕೆ ಸೇರಿದ್ದವು. ಅಂಕಿಗಳ ಗ್ರಾಫಿನಲ್ಲಿ ಎರಡೂ ತುದಿಗೆ ಎದ್ದಿದ್ದ ಕೊಂಬುಗಳನ್ನು ಅವಳು ರೋಗದ ಸ್ವಭಾವ ಅಂದುಕೊಂಡಿದ್ದಳು. ಅವು ಆ ಹೆಣ್ಣುಮಗಳ ಕಾಳಜಿಯಾಗಿದ್ದವು. ಸಾಫ್ಟ್‌ವೇರ್ ಪಾಪ, ಗೋಡೆ ಮುಟ್ಟಿದ ಅಂಕಿ ಇಲ್ಲವೆಂದು ಖುಷಿಯಿಂದ ಲೆಕ್ಕ ಮಾಡಿ ಕೊಟ್ಟಿತ್ತು.

ಮನೆಗೆ ಬಂದವಳು ಲ್ಯಾಪ್‌ಟಾಪ್ ತೆರೆದು ಕೂತಳು. ನಾನು ಒಲೆಯ ಮೇಲೆ ಉಪ್ಪಿಟ್ಟಿಗೆ ನೀರಿಟ್ಟೆ.

"ಹೀಂಗೇ ಕೊಟ್ರ ಯಾರಿಗೂ ಗೊತ್ತಾಗೂದಿಲ್ಲ, ಆಯಿ."

"ಗೊತ್ತಾಗೂದಿಲ್ಲ, ಖರೆ."

ನೀನೇನಾದರೂ ಅನ್ನು ಎಂದಳು. ಅವಳ ಕಷ್ಟ ನನಗೆ ಗೊತ್ತಿತ್ತು. ದಿನಗಳು ಉಳಿದಿರಲಿಲ್ಲ. ತಿಂಗಳುಗಟ್ಟಲೆ ದುಡಿದ ಕೆಲಸ. ಸೆಮಿನಾರು, ಶಿಫಾರಸು, ಮುಂದಿನ ಓದು, ಎಲ್ಲ ಆ ಒಂದು ಉತ್ತರಕ್ಕೆ ಜೋತುಬಿದ್ದಿದ್ದವು. ಈ ವಯಸ್ಸಿನಲ್ಲಿ ಕೂತು ಉಪದೇಶ ಮಾಡುವುದು ಬಹಳ ಸುಲಭ, ಮೈ ಡಿಯರ್, ಅನ್ನಬೇಕೆನಿಸಿತು. ಅನ್ನಲಿಲ್ಲ.

"ನಂದು ಬಿಡು. ಆ ಅಕ್ಕಗ ಏನು ಹೇಳಿ ಬಂದೀದಿ, ಅದನ್ನ ನೆನಸು," ಎಂದೆ. "ಆಕಿ ಮುಂದಿನ ಸಲ ನಿನ್ನ ಮಾತಿನ ಮ್ಯಾಲೆ ಗಿಡ ಹಚ್ತಾಳ."

ಅವಳು ಉಪ್ಪಿಟ್ಟು ಅರ್ಧ ತಿಂದು, ತಟ್ಟೆ ಅಲ್ಲೇ ಬಿಟ್ಟು, ಗೈಡಿಗೆ ಫೋನ್ ಮಾಡಲು ಅಂಗಳಕ್ಕೆ ಹೋದಳು. ಒಳಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಇಷ್ಟು ಸಣ್ಣ ವಿಷಯಕ್ಕೆ ಎಲ್ಲ ಮೊದಲಿನಿಂದ ಮಾಡುವುದೇ ಎಂದರಂತೆ. ತಾರೀಖು ಮುಂದೆ ಹೋಗುವುದಿಲ್ಲ ಎಂದರಂತೆ. ಸೆಮಿನಾರಿಗೆ ಬೇರೆ ಹುಡುಗಿಯ ಹೆಸರು ಕೊಡುತ್ತಾರಂತೆ. ಶಿಫಾರಸಿನ ಮಾತು ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಮರುದಿನದಿಂದ ಬೆಳಗಿನ ಬಸ್ಸಿಗೆ ಕಮಲಾಪುರ. ಆದರೆ ಹೊಸದೊಂದು ತೊಡಕು ಎದುರಾಯಿತು. ಆ ಹೆಣ್ಣುಮಗಳ ಬಾಯಿಂದ ಇಲ್ಲ ಅನ್ನಿಸುವುದು ಹೇಗೆ? ಅನ್ನಿಸಬೇಕಾದರೂ ಯಾಕೆ? ಆಕೆಯ ಗಿಡ, ಆಕೆಯ ತೋಟ. ಹುಡುಗಿ ಎಲ್ಲವನ್ನೂ ಬಿಚ್ಚಿ ಹೇಳಿದಳಂತೆ. ನಿಮಗೆ ಅಂತರದ ಬಗ್ಗೆ ಹೇಳಿದ್ದು ತಪ್ಪಿರಬಹುದು, ಅದಕ್ಕೇ ಮತ್ತೆ ನೋಡಬೇಕು ಎಂದೂ. ಆಕೆ ಸ್ವಲ್ಪ ಯೋಚಿಸಿ ಒಂದು ದಾರಿ ತೆಗೆದಳು. ಬಾಯಿಂದ ಅನ್ನುವುದಿಲ್ಲ, ಕೈಯಿಂದ ತೋರಿಸುತ್ತೇನೆ.

ಒಂದು ದಿನ ನಾನೂ ಹೋಗಿ ಹೊರಸಿನ ಮೇಲೆ ಕೂತು ನೋಡಿದೆ. ನಡುವಿನ ಗಿಡಗಳಿಗೆ ಆಕೆ ಮೊದಲಿನಂತೆ ನಾಲ್ಕಾಣೆ, ಏಳಾಣೆ ಎಂದು ಗಟ್ಟಿಯಾಗಿ ಹೇಳುವಳು. ಚುಕ್ಕೆಯೇ ಇಲ್ಲದ ಗಿಡದ ಮುಂದೆ ಮಾತಿಲ್ಲದೆ ಮುಷ್ಟಿ ಹಿಡಿಯುವಳು. ಪೂರ್ತಿ ಹೋದದ್ದರ ಮುಂದೆ ಅಂಗೈ ಬಿಡಿಸಿ ತಕ್ಷಣ ಮಡಚಿಬಿಡುವಳು. ಹುಡುಗಿ ಎಲೆ ಬಗ್ಗಿಸಿ ತಾನೂ ಒಮ್ಮೆ ನೋಡಿ ಫೋನಿನಲ್ಲಿ ಹಾಕಿಕೊಳ್ಳುವಳು. ಅವಳಿಗೆ ಅಂಕಿಯನ್ನು ಬಾಯಿಂದ ಹೇಳುತ್ತ ಒತ್ತುವ ಅಭ್ಯಾಸ. ನಾಲ್ಕು, ಏಳು ಎಂದು ಹೇಳುತ್ತ ಬಂದವಳು ಮುಷ್ಟಿ ಕಂಡಾಗ ತುಟಿ ಮುಚ್ಚಿ ಸೊನ್ನೆ ಒತ್ತುತ್ತಿದ್ದಳು. ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ನನ್ನ ಚಷ್ಮಾ ಮಂಜಾಯಿತು, ತೆಗೆದು ಸೆರಗಿನಿಂದ ಒರೆಸಿದೆ. ವಯಸ್ಸಾದವರಿಗೆ ಸಣ್ಣಪುಟ್ಟದ್ದಕ್ಕೆಲ್ಲ ಹಾಗಾಗುತ್ತದೆ.

ಹೊಸ ಅಂಕಿಗಳನ್ನು ಕೊಟ್ಟ ಸಂಜೆ ಸಾಫ್ಟ್‌ವೇರ್ ಕೆಂಪಕ್ಷರದಲ್ಲಿ ಬೈದು ನಿಂತಿತು. ಗೋಡೆ ಮುಟ್ಟಿದ ಅಂಕಿಗಳಿವೆ, ಆಗುವುದಿಲ್ಲ. ಇಬ್ಬರೂ ಮುಖ ನೋಡಿಕೊಂಡೆವು.

"ಈಗ ಬೈದದ ಅಂದ್ರ ಈಗ ಖರೆ ಅಂಕಿ ಬಂದಾವ," ಎಂದಳು. ಎಷ್ಟೋ ದಿನದ ಮೇಲೆ ನಕ್ಕದ್ದು.

ಅಂಥ ಅಂಕಿಗಳಿಗೂ ಒಂದು ಮಾದರಿ ಇದೆಯಂತೆ. ಒಂದೇ ಪ್ರಶ್ನೆಯನ್ನು ಅದು ಮೂರಾಗಿ ಒಡೆಯುತ್ತದೆ. ಈ ಗಿಡಕ್ಕೆ ರೋಗ ಬಂದೇ ಇಲ್ಲವೋ? ಬಂದು ಪೂರ್ತಿ ಒಯ್ದಿದೆಯೋ? ನಡುವೆ ಇದ್ದರೆ, ಎಷ್ಟು? ಇಂಥ ಮೂರು ಪ್ರಶ್ನೆಗಳನ್ನು ಯಾವುದೇ ಕಷ್ಟದ ಬಗ್ಗೆ ಕೇಳಬಹುದಲ್ಲ ಎಂದು ನಾನು ಅವಳ ಹಿಂದೆ ನಿಂತು ಯೋಚಿಸುತ್ತಿದ್ದೆ. ಅವಳು ಆ ಮಾದರಿಯ ಕೈಪಿಡಿಯನ್ನು ಎರಡು ದಿನ ಓದಿದಳು, ಸಾಲು ತಿದ್ದಿದಳು, ಮತ್ತೆ ಓಡಿಸಿದಳು.

ಉತ್ತರ ಬದಲಾಗಿತ್ತು. ರೋಗ ಒಳಗೆ ಬಂದ ಮೇಲೆ ಗಿಡಗಳ ಅಂತರದಿಂದ ನಿಜವಾಗಿಯೂ ಹೆಚ್ಚು ಫರಕಿರಲಿಲ್ಲ. ಆದರೆ ದೂರ ದೂರ ನೆಟ್ಟ ಗಿಡಗಳಿಗೆ ರೋಗ ಬರದೇ ಉಳಿಯುವುದೇ ಹೆಚ್ಚಾಗಿತ್ತು. ಮುಟ್ಟದೆ ಉಳಿದ ಆ ಗಿಡಗಳೆಲ್ಲ ಮೊದಲ ಲೆಕ್ಕದಲ್ಲಿ ಒಂದಾಣೆ ಹೋದ ಗಿಡಗಳ ಗುಂಪಿನಲ್ಲಿ ಕರಗಿಹೋಗಿದ್ದವು.

ಅವಳು ಫೋನಿನಲ್ಲಿ ಒಡತಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಅಂತರ ಬಿಟ್ಟು ಹಚ್ಚಿರಿ ಎಂದಳು. ಈ ಒಂದು ತೋಟದ ಲೆಕ್ಕ ಮಾತ್ರ ಇದು, ಮೊದಲು ಒಂದು ಮಡಿಯಲ್ಲಿ ಹಚ್ಚಿ ನೋಡಿರಿ ಎಂದೂ ಹೇಳಿದಳು. ಈ ಸಲ ಡಾಕ್ಟರಿನ ದನಿ ಇರಲಿಲ್ಲ. ಎಷ್ಟು ಗಿಡ ಕಡಿಮೆಯಾಗುತ್ತವೆಂದು ಆಕೆ ಅಲ್ಲೇ ಲೆಕ್ಕ ಹಾಕಿದಳಂತೆ. ಆಮೇಲೆ, ಬಾವಿಯ ಕಡೆಯ ಮಡಿಯಲ್ಲಿ ಹಾಗೆ ಹಚ್ಚುತ್ತೇನೆ ಅಂದಳಂತೆ.

ರಿಪೋರ್ಟು ತಾರೀಖಿಗೆ ಸರಿಯಾಗಿ ಹೋಯಿತು. ಅದರಲ್ಲಿ ಅಂಕಿಗಳನ್ನು ಹೇಗೆ ಕೇಳಿದೆವು, ಮೊದಲ ಸಲ ಯಾಕೆ ತಪ್ಪಿದವು ಎಂದು ಅವಳು ಒಂದು ಪುಟ ಬರೆದಿದ್ದಳು. ಸ್ಟ್ಯಾಟಿಸ್ಟಿಕ್ಸಿನಲ್ಲಿ ಇದೆಲ್ಲ ಬೇಡ ಎಂದು ಗೈಡ್ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದರು. ಅವಳು ಅವರ ರೂಮಿಗೆ ಹೋಗಿ, ಅದೊಂದು ಇರಲಿ ಸರ್ ಎಂದು ಕೇಳಿಕೊಂಡು ಬಂದಳು. ಅವರು ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲವಂತೆ. ಪುಟ ಉಳಿಯಿತು.

ವೈವಾದ ದಿನ ನಾನು ಮಧ್ಯಾಹ್ನದಿಂದಲೇ ಕಟ್ಟೆಯ ಮೇಲೆ ಕೂತಿದ್ದೆ. ಗುಡಿಯ ಕಡೆಯಿಂದ ಬರುವ ಹುಡುಗಿಯರೆಲ್ಲ ಅವಳಂತೆಯೇ ಕಾಣುತ್ತಿದ್ದರು. ಕೊನೆಗೆ ಬಂದಳು, ಚಪ್ಪಲಿ ಬಿಟ್ಟಳು, ನೀರು ಕುಡಿದಳು. ಹೊರಗಿನಿಂದ ಬಂದ ಎಕ್ಸಾಮಿನರ್ ಉಳಿದದ್ದೆಲ್ಲ ಬಿಟ್ಟು ಆ ಒಂದು ಪುಟದ ಮೇಲೆಯೇ ಪ್ರಶ್ನೆ ಕೇಳಿದರಂತೆ, ಮುಷ್ಟಿ ಅಂಗೈ ಎಲ್ಲ ಮಾಡಿ ತೋರಿಸಬೇಕಾಯಿತಂತೆ. ಎಲ್ಲ ಮುಗಿದ ಮೇಲೆ ಗೈಡ್ ರೂಮಿಗೆ ಕರೆದು ಶಿಫಾರಸಿಗೆ ಸಹಿ ಹಾಕಿ ಕೊಟ್ಟರು. ಆ ಕಾಗದವನ್ನು ಬ್ಯಾಗಿನಿಂದ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಮತ್ತ, ಒಟ್ಟು ಹ್ಯಾಂಗಾಯ್ತು?" ಎಂದು ಕೇಳಿದೆ.

ಅವಳು ಬ್ಯಾಗಿನ ಜಿಪ್ಪು ಎಳೆದಳು.

"ಹದಿನೈದಾಣಿ, ಆಯಿ."

ಕಾಗದವನ್ನು ಮತ್ತೆ ಅವಳ ಕೈಗೆ ಕೊಟ್ಟು, ಊಟಕ್ಕೆ ಟೇಬಲ್ ಖಾಲಿ ಮಾಡು ಎಂದೆ. ಲ್ಯಾಪ್‌ಟಾಪ್ ಎತ್ತಿದಳು, ವೈರು ಸುತ್ತಿದಳು, ಒಣಗಿದ ಎಲೆಗಳನ್ನು ಮೊರಕ್ಕೆ ಗುಡಿಸಿದಳು. ಕೊನೆಯಲ್ಲಿ ಒಂದು ತುಂಡು ಮೂಲೆಯಲ್ಲಿ ಉಳಿದಿತ್ತು. ಅದನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಂಡೆವು.